ಹಾಕಿಸಿಕೊಳ್ಳದ ಟಿ.ಟಿ. ಇಂಜೆಕ್ಷನ್

ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಎರಡೂ ಕಡೆ ಸಮನಾಗಿ ಭಾರ ಬಿಟ್ಟು, ಬೆನ್ನು ನೆಟ್ಟಗೆ ಮಾಡಿ. ಇದರಲ್ಲಿ ಹೇಳಿಕೊಳ್ಳುವಂಥದ್ದು ಏನಿದೆ ಎಂದು ನಿಮಗೆ ಅನ್ನಿಸಿದರೆ ನೀವು ಪುಣ್ಯವಂತರು. ಕಳೆದ ವರ್ಷ ಮಳೆ ಕಡಿಮೆಯಾಗುವ ಹೊತ್ತಿನಿಂದ ಮೂರು ತಿಂಗಳು ನಾನು ನಿಂತು ಉಂಡಿದ್ದೇನೆ, ನಿಂತು ಬಸ್ಸಿನಲ್ಲಿ ಹೋಗಿದ್ದೇನೆ. ಮಗಳ ಶಾಲೆಯ ರಕ್ಷಕರ ಸಭೆಯಲ್ಲಿ ಕುರ್ಚಿಗಳು ಖಾಲಿ ಇದ್ದರೂ ಗೋಡೆಗೆ ಒರಗಿ ನಿಂತು, "ಪರವಾಗಿಲ್ಲ ಟೀಚರ್, ನನಗೆ ನಿಂತೇ ಅಭ್ಯಾಸ" ಎಂದಿದ್ದೇನೆ.

ಆಸ್ಪತ್ರೆಯ ಬೆಂಚುಗಳಲ್ಲಿ ಒಂದೇ ಬದಿಗೆ ಭಾರ ಹಾಕಿ, ಮೊಬೈಲ್ ನೋಡುವ ಹಾಗೆ ನಟಿಸುತ್ತಾ ಓರೆಯಾಗಿ ಕೂತಿರುವ ಗಟ್ಟಿಮುಟ್ಟಾದ ಗಂಡಸರನ್ನು ಈಗ ನಾನು ದೂರದಿಂದಲೇ ಗುರುತಿಸುತ್ತೇನೆ. ಅಂಥವರು ಕಡಿಮೆ ಏನಿಲ್ಲ. ಅವರಿಗಾಗಿಯೇ ಇದನ್ನು ಬರೆಯುತ್ತಿರುವುದು. ಪೃಷ್ಠ ಎಂದು ಬರೆದರೆ ಮರ್ಯಾದೆ ಎನ್ನುತ್ತಾಳೆ ನನ್ನ ಹೆಂಡತಿ ಸವಿತಾ. ಸರಿಯೇ. ಆದರೆ ನೋವಾದದ್ದು ಕುಂಡೆಗೆ, ಹಾಗಾಗಿ ಹಾಗೆಯೇ ಬರೆಯುತ್ತೇನೆ.

ನನ್ನ ಹೆಸರು ಯತೀಶ, ವಯಸ್ಸು ಮೂವತ್ತೇಳು. ಕಾಸರಗೋಡಿನ ಹತ್ತಿರದ ಅನಂತಪುರದ ಕೈಗಾರಿಕಾ ಎಸ್ಟೇಟಿನಲ್ಲಿ ಒಂದು ಪ್ಲೈವುಡ್ ಕಂಪನಿಯ ಸೂಪರ್‌ವೈಸರ್. ಮನೆ ಸೀತಾಂಗೋಳಿಯಿಂದ ಸ್ವಲ್ಪ ಒಳಗೆ. ಆದರೆ ಊರಿನಲ್ಲಿ ನನ್ನನ್ನು ಗುರುತಿಸುವುದು ಪ್ಲೈವುಡ್ಡಿನಿಂದಲ್ಲ, ಹಗ್ಗಜಗ್ಗಾಟದಿಂದ. ನಮ್ಮ ಕ್ಲಬ್ಬಿನ ಏಳು ಜನರ ತಂಡದಲ್ಲಿ ಹಗ್ಗದ ಕೊನೆಯಲ್ಲಿ ನಿಲ್ಲುವವನು ನಾನು.

ಹಗ್ಗಜಗ್ಗಾಟ ಎಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ ಅಧ್ಯಾಪಕರೂ ರಕ್ಷಕರೂ ಎಳೆದಾಡಿ ನಗುವುದು ಎಂದುಕೊಳ್ಳಬೇಡಿ. ನಮ್ಮಲ್ಲಿ ಅದು ಬೇರೆಯೇ. ಆಟಕ್ಕೆ ಮುಂಚೆ ಏಳೂ ಜನರನ್ನು ತೂಗುತ್ತಾರೆ. ಎಲ್ಲರ ತೂಕ ಕೂಡಿದರೆ ಇಷ್ಟೇ ಕಿಲೋ ಎಂದು ಲೆಕ್ಕ ಉಂಟು. ಅರ್ಧ ಕಿಲೋ ಹೆಚ್ಚಾದರೆ ಒಬ್ಬ ಮೈದಾನಕ್ಕೆ ಸುತ್ತು ಓಡಿ ಬೆವರಿಳಿಸಿ ಬರಬೇಕು. ಓಣಂ ಸಮಯದಲ್ಲಿ ವಾರಕ್ಕೆ ಮೂರು ಪಂದ್ಯ. ಗೆದ್ದವರಿಗೆ ಕಪ್ಪಿನ ಜೊತೆಗೆ ನೇಂದ್ರ ಬಾಳೆಯ ಗೊನೆ, ಕೆಲವು ಕಡೆ ಒಂದು ಆಡು. ಕೊನೆಯವನು ಹಗ್ಗವನ್ನು ಮೈಗೆ ಸುತ್ತಿಕೊಂಡು ಹಿಂದಕ್ಕೆ ವಾಲಿ ಹಿಮ್ಮಡಿ ಊರಿ ನಿಲ್ಲುತ್ತಾನೆ. ಅವನು ಜಾರಿದರೆ ಏಳೂ ಜನ ಜಾರಿದ ಹಾಗೆ. ಹನ್ನೊಂದು ವರ್ಷ ಆ ಜಾಗ ನನ್ನದಾಗಿತ್ತು.

ಮೂವತ್ತೈದು ದಾಟಿದ ಮೇಲೆ ಸೊಂಟ ಮಾತನಾಡಲು ಶುರು ಮಾಡಿತು. ತಂಡಕ್ಕೆ ಹೊಸಬರು ಬಂದರು. ಅವರ ಕಣ್ಣು ನನ್ನ ಜಾಗದ ಮೇಲೆ ಇದೆ ಎಂದು ನನಗೆ ಅನ್ನಿಸತೊಡಗಿತು. ಅದೇ ಹೊತ್ತಿಗೆ ಪ್ರವೀಣ ಗಲ್ಫಿನಿಂದ ಬಂದ. ಅಲ್ಲಿ ಜಿಮ್ಮಿನಲ್ಲಿ ಕೆಲಸ ಮಾಡಿದವನು, ನಮ್ಮ ತಂಡದಲ್ಲಿ ಹಗ್ಗಕ್ಕೆ ಮೂರನೆಯವನು.

"ಎಂತ ಯತೀಶಣ್ಣ, ಮುದುಕರ ಹಾಗೆ ಸೊಂಟ ಹಿಡ್ಕೊಂಡು ನಿಲ್ಲುದು? ಒಂದು ಇಂಜೆಕ್ಷನ್ ಉಂಟು. ಎಂಟು ವಾರ. ಎಲ್ಲ ತಂಡದವರು ತೆಗೊಳ್ತಾರೆ ಮಾರಾಯ್ರೆ, ಹೇಳುದಿಲ್ಲ ಅಷ್ಟೆ."

ಸ್ಟೀರಾಯ್ಡ್ ಎಂಬ ಶಬ್ದ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಪೇಟೆಯ ಜಿಮ್ಮಿನ ಬಟ್ಟೆ ಬದಲಿಸುವ ಕೋಣೆಯಲ್ಲಿ, ಎಣ್ಣೆಯಂಥ ಮದ್ದಿನ ಸಣ್ಣ ಬಾಟ್ಲಿಯಿಂದ, ಒಂದು ವಾರ ಬಲಕ್ಕೆ, ಇನ್ನೊಂದು ವಾರ ಎಡಕ್ಕೆ. ಸೂಜಿ ಪ್ರತಿ ಸಲ ಹೊಸದು. ಅದರ ಬಗ್ಗೆ ನಮಗೆ ದೊಡ್ಡ ಹೆಮ್ಮೆ. ಬಾಟ್ಲಿ ಮಾತ್ರ ತಂಡದ ನಾಲ್ಕು ಜನರಿಗೆ ಒಂದೇ. ಅದರ ಮೇಲಿನ ಬರಹ ಯಾವ ಭಾಷೆಯದ್ದೆಂದು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ಮಲಯಾಳ, ಕನ್ನಡ, ತುಳು, ಇಂಗ್ಲಿಷ್, ಹಿಂದಿ, ಚೂರುಪಾರು ಅರಬ್ಬಿ ಗೊತ್ತಿದ್ದ ನಾಲ್ಕು ಜನರಿಗೆ!

ಮದ್ದು ಕೆಲಸ ಮಾಡಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಮಾಡಿತು. ಅದೇ ತೊಂದರೆಯಾದದ್ದು. ನಾಲ್ಕನೆಯ ವಾರಕ್ಕೆ ನನಗೆ ಇಪ್ಪತ್ತೈದರ ಮೈ ಬಂತು, ಎರಡು ಬಾಳೆಗೊನೆ ಮನೆಗೆ ಬಂತು. ಆರನೆಯ ವಾರ ಬಲಗಡೆ ಒಂದು ಗಂಟು ಕಾಣಿಸಿಕೊಂಡಿತು. ಮೊದಲು ಅಡಿಕೆಯಷ್ಟು, ಆಮೇಲೆ ನಿಂಬೆಯಷ್ಟು. ಮುಟ್ಟಿದರೆ ಬಿಸಿ. ಬೈಕಿನ ಸೀಟಿನಲ್ಲಿ ಕೂರುವಾಗ ಕಣ್ಣಲ್ಲಿ ನೀರು.

"ಕುರು ಅದು" ಎಂದರು ಅಮ್ಮ. "ಆ ಪ್ಲೈವುಡ್ಡಿನ ಉಷ್ಣ." ಅರಸಿನ ಅರೆದು ಹಚ್ಚಲು ಕೊಟ್ಟರು, ನಂಜು ಎಂದು ಬಂಗುಡೆ, ಬದನೆ ಎರಡೂ ನಿಲ್ಲಿಸಿದರು. ಮನೆಯವರೆಲ್ಲ ಮೀನು ತಿನ್ನುವಾಗ ನಾನು ಗೋಡೆಯ ಹತ್ತಿರ ನಿಂತು ಗಂಜಿಯೂ ಹೆಸರುಬೇಳೆ ಚಟ್ನಿಯೂ ತಿನ್ನುತ್ತಿದ್ದೆ. ಒಳಗೆ ಏನಿದೆಯೆಂದು ನನಗೆ ಗೊತ್ತಿತ್ತು. ಅಮ್ಮನ ಅರಸಿನಕ್ಕೆ ಗೊತ್ತಿರಲಿಲ್ಲ.

ಜ್ವರ ಬಂದ ದಿನ ಸವಿತಾ ಕೇಳಲಿಲ್ಲ, ರಿಕ್ಷಾ ಕರೆದಳು. ಪೇಟೆಯ ಒಂದು ಕ್ಲಿನಿಕ್ಕು, ಹೊರಗೆ ಮೂವತ್ತು ಜನ. ಒಂದು ಗಂಟೆ ನಿಂತು ಒಳಗೆ ಹೋದರೆ ಡಾಕ್ಟರು ಮುಟ್ಟಿ ನೋಡಿ, "ಇಲ್ಲಿಗೆ ಇಂಜೆಕ್ಷನ್ ಎಂತಾದ್ರೂ ತೆಗೊಂಡಿದ್ರಾ?" ಎಂದರು.

ಸಾಮಾನ್ಯ ಪ್ರಶ್ನೆ. ಆದರೆ ಸವಿತಾ ಪಕ್ಕದಲ್ಲೇ ನಿಂತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿಕೊಂಡದ್ದು ಹೆಗಲಲ್ಲ, ಅಷ್ಟೇ ವ್ಯತ್ಯಾಸ. ಒಂದು ತಿಂಗಳ ಹಿಂದೆ ಕಂಪನಿಯಲ್ಲಿ ಕಾಲಿಗೆ ತುಕ್ಕು ಹಿಡಿದ ಮೊಳೆ ತಾಗಿದ್ದು ನೆನಪಾಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಟಿ.ಟಿ. ಹಾಕಿಸಿದ್ದೆ ಡಾಕ್ಟ್ರೇ. ಮೊಳೆ ತಾಗಿತ್ತು. ನಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ."

ಡಾಕ್ಟರು ಬರೆದುಕೊಂಡರು, ಐದು ದಿನದ ಮಾತ್ರೆ ಕೊಟ್ಟರು. ಹೊರಗೆ ಬಂದ ಮೇಲೆ ಸವಿತಾ, "ಬಿಂದು ಸಿಸ್ಟರ್ ಹಾಕಿದ್ದಾ?" ಎಂದಳು. ನಮ್ಮ ಊರಿನ ಕೇಂದ್ರದಲ್ಲಿ ಇಂಜೆಕ್ಷನ್ ಹಾಕುವವರು ಅವರೊಬ್ಬರೇ. ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೆ ಎಷ್ಟು ಹೊತ್ತು ಬೇಕು ಹೇಳಿ!

ಬಿಂದು ಸಿಸ್ಟರ್ ಕಣ್ಣೂರು ಕಡೆಯವರು. ಹದಿನಾಲ್ಕು ವರ್ಷದಿಂದ ನಮ್ಮ ಊರಿನಲ್ಲಿದ್ದಾರೆ. ಬರುವಾಗ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಈಗ ತುಳುವಿನಲ್ಲಿ ಬೈಯುವಷ್ಟು ಬರುತ್ತದೆ. ಮಗನೇ ಎನ್ನಲು ಮಾತ್ರ ಇನ್ನೂ ಮಲಯಾಳದ ಮೋನೇ. ನನ್ನ ಮಗಳಿಗೆ ಹುಟ್ಟಿದಂದಿನಿಂದ ಎಲ್ಲ ಲಸಿಕೆ ಹಾಕಿದವರು ಅವರೇ.

ಐದು ದಿನದ ಮಾತ್ರೆ ಮುಗಿಯಿತು. ಇನ್ನೊಂದು ಐದು ದಿನದ್ದೂ ಮುಗಿಯಿತು. ಗಂಟು ಕರಗಲಿಲ್ಲ. ಈ ನಡುವೆ ನನ್ನ ಸುಳ್ಳು ಮನೆ ಬಿಟ್ಟು ಹೊರಗೆ ಹೊರಟಿತ್ತು. ಸವಿತಾಳ ಅಣ್ಣ ದಿನೇಶ ಭಾವ ಊರಿನ ಕೆಲಸಕ್ಕೆ ಮುಂದೆ ನಿಲ್ಲುವ ಜನ. ತಂಗಿಯ ಗಂಡ ನಿಂತು ಉಣ್ಣುವುದನ್ನು ಕಂಡು ಅವರಿಗೆ ಸಹಿಸಲಾಗಲಿಲ್ಲ. ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿಯೇ ಬಿಟ್ಟರು: ಆರೋಗ್ಯ ಕೇಂದ್ರದಲ್ಲಿ ಟಿ.ಟಿ. ಹಾಕಿಸಿಕೊಂಡ ಯುವಕನ ಸ್ಥಿತಿ ಗಂಭೀರ, ಸೂಜಿ ಶುದ್ಧವಿತ್ತೇ?

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರಿಗೆ ನಮ್ಮ ಗುಂಪಿನಲ್ಲಿ ಬರಗಾಲವಿಲ್ಲ. ಒಬ್ಬರ ಮಗುವಿನ ತೊಡೆ ಲಸಿಕೆಯ ನಂತರ ಊದಿತ್ತಂತೆ. ಇನ್ನೊಬ್ಬರಿಗೆ ಸಿಸ್ಟರ್ ಒಮ್ಮೆ ಗದರಿದ್ದರಂತೆ. ಮೂರು ದಿನದಲ್ಲಿ ಒಂದು ದೂರಿನ ಕಾಗದ ತಯಾರಾಯಿತು, ಸಿಸ್ಟರನ್ನು ವರ್ಗ ಮಾಡಬೇಕು ಎಂದು. ಮೊದಲ ಸಹಿ ನೊಂದವರ ಮನೆಯವರದ್ದೇ ಇರಲಿ ಎಂದು ಭಾವ ಕಾಗದವನ್ನು ನಮ್ಮ ಮನೆಗೆ ತಂದರು. ಸವಿತಾ ಸಹಿ ಹಾಕುವಾಗ ನಾನು ಅದೇ ಕೋಣೆಯಲ್ಲಿ ಬೋರಲು ಮಲಗಿದ್ದೆ. ತಲೆ ಎತ್ತಲಿಲ್ಲ.

ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಇಂಜೆಕ್ಷನ್ ತೆಗೆದುಕೊಂಡದ್ದಕ್ಕಿಂತ ಹೆಚ್ಚು ನಾಚಿಕೆ ಆ ತಲೆ ಎತ್ತದಿದ್ದದ್ದಕ್ಕೆ.

ಮರುದಿನ ಚಳಿಜ್ವರ ಹಲ್ಲು ಕಟಕಟಿಸುವಷ್ಟು ಬಂತು. ಕಾಸರಗೋಡಿನ ಒಂದು ಆಸ್ಪತ್ರೆಗೆ ಸೇರಿಸಿದರು. ಸರ್ಜನ್ ಒಬ್ಬ ಹೆಂಗಸು, ನನ್ನದೇ ಪ್ರಾಯ, ಗಡಿಬಿಡಿ ಇಲ್ಲದ ಮಾತು. ನನ್ನ ಚೀಟಿ ಓದಿ ಹುಬ್ಬು ಏರಿಸಿದರು.

"ಟಿ.ಟಿ. ಇಲ್ಲಿಗೆ ಹಾಕಿದ್ರಾ? ಈಗ ಅದನ್ನು ತೋಳಿಗೆ ಅಲ್ವಾ ಹಾಕುದು?"

ತಪ್ಪಿಸಿಕೊಳ್ಳಲು ದೇವರು ತೆರೆದು ಕೊಟ್ಟ ಬಾಗಿಲು ಅದು. ನಾನು ಅದಕ್ಕೆ ಒಳಗಿನಿಂದ ಚಿಲಕ ಹಾಕಿಕೊಂಡೆ. "ಅವರು ಅಲ್ಲಿಗೇ ಹಾಕಿದ್ದು" ಎಂದೆ. ಅಲ್ಲಿಯವರೆಗೆ ಬಿಂದು ಸಿಸ್ಟರ ಮೇಲೆ ತಪ್ಪು ಹೊರಿಸಿದ್ದು ಊರಿನವರು, ನಾನು ಸುಮ್ಮನೆ ಮಲಗಿದ್ದೆ. ಅಂದು ನನ್ನ ಬಾಯಿಂದಲೇ ಹೊರಿಸಿದೆ.

ಅರಿವಳಿಕೆ ಕೊಡುವ ಡಾಕ್ಟರು ಬಂದು, ಬೇರೆ ಯಾವ ಮದ್ದಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ. ರಕ್ತದೊತ್ತಡ ಯಾಕೆ ಇಷ್ಟು ಹೆಚ್ಚು ಎಂದು ಅವರೇ ತಲೆ ಕೆರೆದುಕೊಂಡರು. ಗಂಟನ್ನು ಕೊಯ್ದು ಕೀವು ತೆಗೆದರು. ಗಾಯವನ್ನು ಹೊಲಿಯದೆ ತೆರೆದೇ ಬಿಟ್ಟು, ಒಳಗೆ ಮದ್ದಿನ ಬಟ್ಟೆ ತುರುಕಿ, ದಿನಾ ಅದನ್ನು ಎಳೆದು ಹೊಸದನ್ನು ತುಂಬುತ್ತಿದ್ದರು. ಏಳು ಜನರನ್ನು ಹಿಡಿದು ನಿಲ್ಲಿಸಿದ ನಾನು ಒಂದು ತುಂಡು ಬಟ್ಟೆ ಎಳೆಯುವಾಗ ದಿಂಬು ಕಚ್ಚುತ್ತಿದ್ದೆ. ಡ್ರೆಸ್ಸಿಂಗ್ ಮಾಡುವ ನರ್ಸಮ್ಮ ಪ್ರತಿ ಸಲ ಎಳೆಯುವ ಮೊದಲು, "ಈಗ ಎಳೀತೇನೆ, ಮೂರು ಎಣಿಸಿ" ಎನ್ನುತ್ತಿದ್ದರು. ಎರಡಕ್ಕೇ ಎಳೆದುಬಿಡುತ್ತಿದ್ದರು. ಆ ಮೋಸಕ್ಕೆ ನಾನು ಇಂದಿಗೂ ಋಣಿ.

ಒಂದು ವಾರವಾದರೂ ಗಾಯ ತುಂಬಲಿಲ್ಲ. ಕೀವಿನ ಪರೀಕ್ಷೆಯಲ್ಲಿ ಯಾವ ರೋಗಾಣುವೂ ಬೆಳೆಯಲಿಲ್ಲ. ಎಂಟನೆಯ ದಿನ ಎಡಗಡೆಯೂ ಒಂದು ಗಂಟು ಎದ್ದಿತು. ಸರ್ಜನ್ ಡಾಕ್ಟರು ಅದನ್ನು ಮುಟ್ಟಿ ನೋಡಿ ಕೈಗವಸು ಕಳಚಿದರು.

"ಯತೀಶ್, ಒಂದು ಟಿ.ಟಿ.ಯನ್ನು ಎರಡು ಕಡೆಗೆ ಹಾಕಿದ್ರಾ?"

ನಾನು ದಿಂಬಿಗೆ ಮುಖ ಒತ್ತಿದೆ. ಅವರು ಒತ್ತಾಯ ಮಾಡಲಿಲ್ಲ. "ಬಲಗಡೆಯದ್ದು ಆಳಕ್ಕೆ ಹೋಗ್ತಾ ಉಂಟು. ಇನ್ನೂ ಒಳಗೆ ಹೋದ್ರೆ ಸೊಂಟದ ಕೀಲಿಗೆ ದೂರ ಇಲ್ಲ. ಯಾವ ರೋಗಾಣು ಅಂತ ಗೊತ್ತಾಗದೆ ನಾನು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ ಆಗ್ತದೆ. ನಾಳೆ ಬೆಳಿಗ್ಗೆ ಬರ್ತೇನೆ" ಎಂದು ಹೋದರು. ನಾಳೆ ಎಂಬ ಮಾತನ್ನು ಅವರು ಸ್ವಲ್ಪ ನಿಧಾನವಾಗಿ ಹೇಳಿದರು ಎಂದು ನನ್ನ ಅಂದಾಜು.

ಅದೇ ದಿನ ಮಧ್ಯಾಹ್ನ ಬಿಂದು ಸಿಸ್ಟರ್ ಬಂದರು.

ಕೈಯಲ್ಲಿ ಸ್ಟೀಲಿನ ಕ್ಯಾರಿಯರು, ಹೆಗಲಲ್ಲಿ ಕೊಡೆ. ಸವಿತಾಳ ಮುಖ ಗಂಟಿಕ್ಕಿತು. ನೀರಿನ ಬಾಟ್ಲಿ ತರುತ್ತೇನೆಂದು ಹೊರಗೆ ನಡೆದಳು. ಬಾಗಿಲು ಮುಚ್ಚಿದ ಮೇಲೆ ಸಿಸ್ಟರ್ ಸ್ಟೂಲು ಎಳೆದು ನನ್ನ ಮುಖದ ಹತ್ತಿರ ಕೂತರು. ಬೋರಲು ಮಲಗಿದವನಿಗೆ ಎಲ್ಲಿಗೆಂದು ಮುಖ ತಿರುಗಿಸಲಿಕ್ಕಾಗುತ್ತದೆ!

"ಯತೀಶ, ಇಪ್ಪತ್ತಾರು ವರ್ಷ ಆಯ್ತು ನಾನು ಇಂಜೆಕ್ಷನ್ ಹಾಕ್ಲಿಕ್ಕೆ ಶುರು ಮಾಡಿ. ಟಿ.ಟಿ. ಕುಂಡೆಗೆ ಯಾರು ಹಾಕ್ತಾರೆ ಮೋನೇ? ಸುಳ್ಳು ಹೇಳುದಾದ್ರೆ ತೋಳಿಗೆ ಅಂತಾದ್ರೂ ಹೇಳ್ಬಾರದಾ?"

ನನಗೆ ಅಳು ಬಂತು. ನಗುವೂ ಬಂತು. ಎರಡನ್ನೂ ದಿಂಬಿಗೆ ಬಿಟ್ಟೆ.

"ಆ ಮೊಳೆ ತಾಗಿದ ವಿಷಯ ನನಗೆ ಗೊತ್ತುಂಟು. ಮಗಳ ಕಾರ್ಡ್ ನೋಡ್ಲಿಕ್ಕೆ ಮನೆಗೆ ಬಂದಾಗ ನಾನೇ ಹೇಳಿದ್ದೆ, ಬಾ, ಟಿ.ಟಿ. ಹಾಕಿಸ್ಕೋ ಅಂತ. ನಾಳೆ ಬರ್ತೇನೆ ಹೇಳಿದವ ನೀನು. ಬರ್ಲೇ ಇಲ್ಲ."

"ಸಿಸ್ಟರ್, ನಿಮ್ಮ ಮೇಲೆ ದೂರು…"

"ಅದು ಬಿಡು. ಸೋಮವಾರ ವಿಚಾರಣೆ ಅಂತೆ. ಹೋಗ್ತೇನೆ. ನನ್ನದಕ್ಕೆ ರಿಜಿಸ್ಟರ್ ಉಂಟು. ಯಾರಿಗೆ, ಯಾವ ದಿನ, ಯಾವ ಕೈಗೆ, ಎಲ್ಲ ಬರೆದಿದ್ದೇನೆ. ನಿನ್ನ ಹೆಸರಿಲ್ಲ. ತೋರಿಸಿದ್ರೆ ಮುಗೀತು." ಅವರು ಕೊಡೆಯ ಹಿಡಿಯನ್ನು ಸುಮ್ಮನೆ ತಿರುಗಿಸುತ್ತಿದ್ದರು. "ಆದ್ರೆ ನಿನ್ನದಕ್ಕೆ ಎಂತ ಉಂಟು? ನೀನು ಜಿಮ್ಮಿಗೆ ಹೋಗುದು ನನಗೆ ಗೊತ್ತುಂಟು. ನಿನ್ನ ಕುತ್ತಿಗೆ ಎರಡು ತಿಂಗಳಲ್ಲಿ ಎಷ್ಟಾಯ್ತು ಅಂತ ನೋಡ್ಲಿಕ್ಕೆ ನನಗೆ ಕಣ್ಣಿಲ್ವಾ? ನಾನು ಯಾರಿಗೂ ಹೇಳುದಿಲ್ಲ, ಅದು ನಾನು ಹೇಳ್ಬೇಕಾದ್ದಲ್ಲ. ನೀನು ಆ ಡಾಕ್ಟ್ರಿಗೆ ಹೇಳು. ಅವರಿಗೆ ಕಾಯಿಲೆ ಗೊತ್ತಾಗುದು ನಿನ್ನ ಬಾಯಿಯಿಂದ, ಕುಂಡೆಯಿಂದ ಅಲ್ಲ."

ಸವಿತಾ ನೀರು ಹಿಡಿದು ಬರುವಾಗ ಸಿಸ್ಟರ್ ಎದ್ದು ನಿಂತಿದ್ದರು. "ಗಂಜಿ ಉಂಟು, ಬಿಸಿ ಇರುವಾಗ ಕೊಡು" ಎಂದು ಅವಳ ಕೈಗೆ ಕ್ಯಾರಿಯರು ಕೊಟ್ಟು ಹೋದರು. ಸವಿತಾ ಅದನ್ನು ಮೇಜಿನ ಮೇಲಿಟ್ಟಳು. ಮುಚ್ಚಳ ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರು ಬಂದಾಗ ಸವಿತಾ ಎಂದಿನಂತೆ ಹೊರಗೆ ಹೊರಟಳು. "ನೀನೂ ಇರು" ಎಂದೆ. ಹಗ್ಗ ಹಿಡಿಯುವ ಮೊದಲು ಮಾಡುವ ಹಾಗೆ ಉಸಿರು ಎಳೆದುಕೊಂಡೆ, ಹೇಳಿದೆ. ಟಿ.ಟಿ. ಹಾಕಿಸಲೇ ಇಲ್ಲ ಎಂದೆ. ಜಿಮ್ಮು, ಬಾಟ್ಲಿ, ನಾಲ್ಕು ಜನ, ಆರು ವಾರ, ಬಲ, ಎಡ, ಎಲ್ಲ. ಹೇಳಿ ಮುಗಿಸಲು ಎರಡು ನಿಮಿಷವೂ ಬೇಕಾಗಲಿಲ್ಲ. ಈ ಎರಡು ನಿಮಿಷ ತಪ್ಪಿಸಲು ನಾನು ಒಂದು ತಿಂಗಳು ಕೊಟ್ಟಿದ್ದೆ.

ಬೈಗುಳಕ್ಕೆ ಕಾದೆ. ಡಾಕ್ಟರು ಸ್ಟೂಲಿನಲ್ಲಿ ಕೂತರು, ಪೆನ್ನು ತೆಗೆದರು. ಮದ್ದಿನ ಹೆಸರು ಗೊತ್ತುಂಟಾ? ಕೊನೆಯದ್ದು ಯಾವಾಗ? ಬೇರೆ ಮಾತ್ರೆ ಏನಾದರೂ? ಆ ಮೂವರಿಗೂ ಗಂಟು ಉಂಟಾ? ಬಸ್ಸಿನ ಸಮಯ ಕೇಳುವ ಹಾಗೆ ಕೇಳಿದರು.

"ಪೊಲೀಸಿಗೆ ಹೇಳ್ತೀರಾ ಡಾಕ್ಟ್ರೇ?" ಎಂದೆ.

"ನಿಮ್ಮ ಕುಂಡೆಯ ವಿಷಯ ಪೊಲೀಸರಿಗೆ ಎಂತಕ್ಕೆ ಮಾರಾಯ್ರೆ?" ಮೊದಲ ಸಲ ನಕ್ಕರು. ಆಮೇಲೆ ಹೇಳಿದರು. "ಮೊದಲ ದಿನವೇ ಹೇಳಿದ್ರೆ ಮೊದಲ ದಿನವೇ ಬೇರೆ ಪರೀಕ್ಷೆಗೆ ಕಳಿಸ್ತಿದ್ದೆ. ಅಂಥ ಬಾಟ್ಲಿಗಳಿಂದ ಬರುವ ಕೆಲವು ರೋಗಾಣು ನಿಧಾನಕ್ಕೆ ಬೆಳೆಯುದು, ಸಾಮಾನ್ಯ ಪರೀಕ್ಷೆಯಲ್ಲಿ ಸಿಗುದಿಲ್ಲ, ಸಾಮಾನ್ಯ ಮದ್ದಿಗೆ ಬಗ್ಗುದಿಲ್ಲ. ಇವತ್ತು ಕಳಿಸ್ತೇನೆ. ರಕ್ತದಿಂದ ಹರಡುವ ಕಾಯಿಲೆಗಳ ಪರೀಕ್ಷೆಯೂ ಮಾಡ್ಬೇಕು." ಎದ್ದವರು ಮತ್ತೆ ನಿಂತರು. "ಒಂದು ನಿಮಿಷ. ಹಾಗಾದ್ರೆ ನಿಮಗೆ ಟಿ.ಟಿ. ಆಗ್ಲೇ ಇಲ್ಲ! ನಾವು ಆಗಿದೆ ಅಂತ ಬರೆದು ಬಿಟ್ಟಿದ್ದೇವೆ."

ಹೌದಲ್ಲ! ತುಕ್ಕು ಮೊಳೆ ತಾಗಿಸಿಕೊಂಡು, ಮೇಲಿಂದ ಕುಂಡೆಯಲ್ಲಿ ಇಷ್ಟು ದೊಡ್ಡ ತೆರೆದ ಗಾಯ ಇಟ್ಟುಕೊಂಡು, ನಿಜವಾಗಿ ಬೇಕಾಗಿದ್ದ ಒಂದೇ ಒಂದು ಇಂಜೆಕ್ಷನನ್ನು ನನ್ನ ಸುಳ್ಳೇ ತಪ್ಪಿಸಿತ್ತು. ಹತ್ತು ನಿಮಿಷದಲ್ಲಿ ನರ್ಸಮ್ಮ ಬಂದು ಹಾಕಿದರು. ತೋಳಿಗೆ. ಒಂದು ತಿಂಗಳ ಮೇಲೆ ಎರಡನೆಯದು, ಊರಿನಲ್ಲೇ ಹಾಕಿಸಿಕೊಳ್ಳಿ ಎಂದರು.

ಎಲ್ಲರೂ ಹೋದ ಮೇಲೆ ಸವಿತಾ ಕಿಟಕಿಯ ಹತ್ತಿರ ನಿಂತೇ ಇದ್ದಳು. ಅವಳು ಮದ್ದಿನ ಬಗ್ಗೆ ಬೈಯುತ್ತಾಳೆ, ಕಾಯಿಲೆಯ ಬಗ್ಗೆ ಅಳುತ್ತಾಳೆ ಎಂದುಕೊಂಡಿದ್ದೆ.

"ಮೊದಲನೇ ಸೈನ್ ನನ್ನದು" ಎಂದಳು. "ಆ ಕಾಗದದಲ್ಲಿ. ನೀವು ಅಲ್ಲೇ ಮಲಗಿದ್ರಿ."

"ಹೌದು."

"ನಿನ್ನೆ ಅವರು ಗಂಜಿ ತಂದ್ರು. ನಾನು ಚೆಲ್ಲಿದೆ."

ಅವಳು ಕ್ಯಾರಿಯರನ್ನು ತೊಳೆದು, ಒರೆಸಿ, ಚೀಲಕ್ಕೆ ಹಾಕಿ, "ನಾನು ಊರಿಗೆ ಹೋಗಿ ಬರ್ತೇನೆ. ನೀವು ಅಷ್ಟರಲ್ಲಿ ಗುಂಪಿನಲ್ಲಿ ಹೇಳಿ. ಬರೆಯುದಲ್ಲ, ಬಾಯಲ್ಲಿ ಹೇಳಿ, ಎಲ್ಲರಿಗೂ ನಿಮ್ಮ ಸ್ವರ ಕೇಳ್ಬೇಕು" ಎಂದಳು.

ಮೊಬೈಲ್ ಹಿಡಿದು ಮೂರು ಸಲ ಹೇಳಿ ಅಳಿಸಿದೆ. ನಾಲ್ಕನೆಯದನ್ನು ಕಳಿಸಿದೆ. "ನಾನು ಯತೀಶ. ಬಿಂದು ಸಿಸ್ಟರ್ ನನಗೆ ಟಿ.ಟಿ. ಹಾಕಿಲ್ಲ. ನಾನು ಹೋಗ್ಲೇ ಇಲ್ಲ. ಇದು ಹಗ್ಗ ಎಳೀಲಿಕ್ಕೆ ಅಂತ ನಾನೇ ತೆಗೊಂಡ ಮದ್ದಿನ ಗಾಯ. ಸುಳ್ಳು ಹೇಳಿದ್ದು ನಾನು." ನೂರಾರು ಜನರ ಗುಂಪು. ಮೊದಲ ಉತ್ತರ ದಿನೇಶ ಭಾವನದ್ದೇ, ಗುಂಪಿನಲ್ಲಲ್ಲ, ನೇರ ಫೋನು.

"ಭಾವ, ನನಗೊಬ್ಬನಿಗೆ ಮೊದಲೇ ಹೇಳ್ಬಹುದಿತ್ತಲ್ಲ! ನಾನು ಇನ್ನು ಎಂತ ಮುಖ ತೋರಿಸುದು?"

"ನನ್ನ ಮುಖ ಇನ್ನೂ ದಿಂಬಿನಲ್ಲೇ ಉಂಟು ಭಾವ."

ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಸಿಟ್ಟು ಇಳಿಯಲು ಒಂದು ದಿನ ತೆಗೆದುಕೊಂಡರು. ಆದರೆ ಸೋಮವಾರ ಸವಿತಾಳ ಜೊತೆ ಅವರೇ ವಿಚಾರಣೆಗೆ ಹೋಗಿ, ದೂರಿನ ಕಾಗದ ಹಿಂದೆ ಪಡೆದು, ಎಲ್ಲರ ಎದುರು ಸಿಸ್ಟರಿಗೆ ಕೈಮುಗಿದರು. ಸಿಸ್ಟರ್ ರಿಜಿಸ್ಟರನ್ನು ತೆರೆಯಬೇಕಾಗಿಯೇ ಬರಲಿಲ್ಲ.

ಇನ್ನು ಉಳಿದದ್ದು ಕಾಯುವುದು. ರಕ್ತದ ಪರೀಕ್ಷೆಯ ಫಲ ಬರಲು ಒಂದೂವರೆ ದಿನ. ನಾಲ್ಕು ಜನ ಒಂದೇ ಬಾಟ್ಲಿಯಿಂದ ತೆಗೆದುಕೊಂಡದ್ದು, ಅದರಲ್ಲಿ ಒಬ್ಬನಿಗೆ ಏನಾದರೂ ಇದ್ದಿದ್ದರೆ? ನನ್ನಿಂದ ಸವಿತಾಳಿಗೆ? ಆ ಒಂದೂವರೆ ದಿನ ನಾನು ಹೆದರಿದಷ್ಟು ಯಾವ ಹಗ್ಗದ ಎದುರೂ ಹೆದರಿಲ್ಲ. ಸವಿತಾ ಮಾತನಾಡುತ್ತಿರಲಿಲ್ಲ, ಆದರೆ ಕಿತ್ತಳೆ ಸುಲಿದು ಸುಲಿದು ಕೈಗೆ ಕೊಡುತ್ತಿದ್ದಳು. ಫಲ ಒಳ್ಳೆಯದೇ ಬಂತು. ಮೂರು ತಿಂಗಳ ಮೇಲೆ ಮತ್ತೊಮ್ಮೆ ನೋಡಬೇಕು ಎಂದರು, ನೋಡಿದಾಗಲೂ ಒಳ್ಳೆಯದೇ ಇತ್ತು.

ಮಲಗಿದಲ್ಲಿಂದಲೇ ಆ ಮೂವರಿಗೂ ಫೋನು ಮಾಡಿದೆ. ಒಬ್ಬ ಫೋನು ಇಟ್ಟುಬಿಟ್ಟ. ಇನ್ನೊಬ್ಬನಿಗೆ ತೊಡೆಯಲ್ಲಿ ಗಂಟಿತ್ತು, ಮೂಲವ್ಯಾಧಿ ಎಂದು ಹೇಳಿ ರಜೆ ಹಾಕಿ ಮನೆಯಲ್ಲಿ ಮಲಗಿದ್ದ. ಪ್ರವೀಣ ಮೊದಲು ಬೈದ. ಊರಿನಲ್ಲಿ ತಲೆ ಎತ್ತದ ಹಾಗೆ ಮಾಡಿದಿರಿ ಎಂದ. ಆಮೇಲೆ ಸ್ವರ ತಗ್ಗಿಸಿ, "ಯತೀಶಣ್ಣ, ಆ ಡಾಕ್ಟ್ರು ಬೈತಾರಾ?" ಎಂದು ಕೇಳಿದ. ಅವನಿಗೂ ಎಡಗಡೆ ಶುರುವಾಗಿತ್ತು. ಎರಡು ದಿನದಲ್ಲಿ ಅದೇ ಡಾಕ್ಟರ ಬಾಗಿಲಲ್ಲಿ ಅವರಿಬ್ಬರೂ ಓರೆಯಾಗಿ ಕೂತಿದ್ದರಂತೆ.

ಡಾಕ್ಟರ ಊಹೆ ಸರಿಯಿತ್ತು. ನಿಧಾನಕ್ಕೆ ಬೆಳೆಯುವ ರೋಗಾಣುವೇ ಅದು. ಅದಕ್ಕೆ ತಕ್ಕ ಮಾತ್ರೆ ಐದು ತಿಂಗಳು ನುಂಗಿದೆ. ಎಡಗಡೆಯ ಗಂಟು ಕೊಯ್ಯದೆಯೇ ಕರಗಿತು. ಹಾರ್ಮೋನಿನ ಡಾಕ್ಟರೊಬ್ಬರಿಗೂ ತೋರಿಸಿದರು. ಹೊರಗಿನಿಂದ ಬಂದದ್ದನ್ನು ನಂಬಿ ನನ್ನ ಮೈ ತನ್ನ ಕೆಲಸವನ್ನೇ ನಿಲ್ಲಿಸಿತ್ತಂತೆ. ಅದು ಮತ್ತೆ ಶುರುವಾಗುವವರೆಗೆ ಮೈಯಲ್ಲಿ ಶಕ್ತಿ ಇಲ್ಲ, ಮನಸ್ಸಿನಲ್ಲಿ ಉಮೇದಿಲ್ಲ, ಅಂಗಿಗಳೆಲ್ಲ ದೊಗಳೆ. ಇದೂ ಮದ್ದಿನದ್ದೇ ಬಾಲ, ಹೋಗುತ್ತದೆ ಎಂದು ಅವರು ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಹೋಯಿತು. ಹೇಳದೆ ಮನೆಯಲ್ಲೇ ಕೂತಿದ್ದರೆ ಆ ದಿನಗಳನ್ನು ಹೇಗೆ ದಾಟುತ್ತಿದ್ದೆನೋ ಗೊತ್ತಿಲ್ಲ.

ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು: ಗಾಯ ತುಂಬುವವರೆಗೆ ದಿನಾ ಡ್ರೆಸ್ಸಿಂಗ್, ಮನೆಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ. ಮನೆಗೆ ಹತ್ತಿರದ ಕೇಂದ್ರ ಯಾವುದೆಂದು ನಿಮಗೆ ಗೊತ್ತು.

ಮೊದಲ ದಿನ ಸವಿತಾಳೂ ಬಂದಳು. ವರಾಂಡದಲ್ಲಿ ಲಸಿಕೆಗೆ ಬಂದ ತಾಯಂದಿರು ಮಾತು ನಿಲ್ಲಿಸಿದರು. ಸಿಸ್ಟರ್ ಚೀಟಿ ಓದಿ, "ಒಳಗೆ ಹೋಗಿ ಮಲಗು" ಎಂದರು. ಕೈಮುಗಿಯಲು ಹೋದೆ. "ಅದು ಆಮೇಲೆ. ಲುಂಗಿ ಸಡಿಲ ಮಾಡು" ಎಂದರು. ನಾನು ಯಾರ ಹೆಸರು ಕೆಡಿಸಲು ಹೊರಟಿದ್ದೆನೋ ಅವರ ಎದುರು ಅದೇ ಗಾಯ ತೆರೆದು ಬೋರಲು ಮಲಗುವುದಕ್ಕಿಂತ ದೊಡ್ಡ ಕ್ಷಮಾಪಣೆ ಯಾರೂ ಕಂಡುಹಿಡಿದಿರಲಿಕ್ಕಿಲ್ಲ. ಸವಿತಾ ತೊಳೆದ ಕ್ಯಾರಿಯರನ್ನು ಮೇಜಿನ ಮೇಲಿಟ್ಟಳು. ಖಾಲಿ ಕೊಡಬಾರದೆಂದು ಅದರಲ್ಲಿ ಕೆಸುವಿನೆಲೆಯ ಪತ್ರೊಡೆ ತುಂಬಿಸಿ ತಂದಿದ್ದಳು. ಸಿಸ್ಟರ್ ಮುಚ್ಚಳ ತೆಗೆದು ಮೂಸಿ, "ನಿನ್ನ ಗಂಡನಿಂದ ಆದ ಒಂದು ಉಪಕಾರ ಇದು" ಎಂದರು. ಸವಿತಾ ಅತ್ತಳು. ನನಗೆ ಕಾಣಲಿಲ್ಲ, ಸ್ವರ ಕೇಳಿತು.

ಮೂವತ್ತನಾಲ್ಕು ದಿನ ಹೋದೆ. ಎಣಿಸದೆಯೇ ಎಳೆಯುತ್ತಿದ್ದರು ಅವರು. ಬಟ್ಟೆ ದಿನಾ ಸ್ವಲ್ಪ ಗಿಡ್ಡವಾಯಿತು. ಒಂದು ದಿನ ತುರುಕಲು ಜಾಗವೇ ಇರಲಿಲ್ಲ. "ಮುಗೀತು, ಏಳು" ಎಂದು ಬೆನ್ನಿಗೊಂದು ಪೆಟ್ಟು ಕೊಟ್ಟರು.

ಈ ಸಲದ ಓಣಂ ಪಂದ್ಯಗಳಲ್ಲಿ ಹಗ್ಗದ ಕೊನೆಯಲ್ಲಿ ಬೇರೆಯವನು ನಿಂತಿದ್ದ. ನಾನು ಬದಿಯಲ್ಲಿ ನಿಂತು ಎಳೆತದ ತಾಳ ಕೂಗಿದೆ. ಒಂದು ಕಡೆ ಗೆದ್ದೆವು, ಮೂರು ಕಡೆ ಸೋತೆವು. ಹೊಟ್ಟೆಕಿಚ್ಚಾಯಿತೇ ಎಂದರೆ ಆಯಿತು. ಪಂದ್ಯಕ್ಕೆ ಮುಂಚೆ ಏಳೂ ಜನರನ್ನು ತೂಗುವಾಗ ನಾನು ಅವರ ಕಣ್ಣು ನೋಡಿ ಒಂದೇ ಪ್ರಶ್ನೆ ಕೇಳುತ್ತೇನೆ. ಸುಳ್ಳು ಹೇಳಿದರೆ ನನಗೆ ಗೊತ್ತಾಗುತ್ತದೆ. ಆ ವಿದ್ಯೆಯಲ್ಲಿ ನಾನು ಪಳಗಿದವನು.

ಅದಿರಲಿ. ಆ ಕೊನೆಯ ಡ್ರೆಸ್ಸಿಂಗಿನ ದಿನ ಎದ್ದು ಲುಂಗಿ ಕಟ್ಟಿಕೊಂಡು ಹೊರಡುವವನನ್ನು ಸಿಸ್ಟರ್ ಕರೆದರು.

"ಎಲ್ಲಿಗೆ? ಎರಡನೇ ಡೋಸ್ ಯಾರು ಹಾಕಿಸ್ಕೊಳ್ಳುದು? ಬಾ, ಕೂತ್ಕೋ."

ಕೂತೆ. ಅಂಗಿಯ ತೋಳು ಮಡಚಿದೆ. ಹತ್ತಿ, ತಣ್ಣಗೆ ಸ್ಪಿರಿಟ್ಟು, ಒಂದು ಇರುವೆ ಕಚ್ಚಿದ ಹಾಗೆ, ಅಷ್ಟೆ. ಅವರು ಸೂಜಿಯನ್ನು ಡಬ್ಬಕ್ಕೆ ಹಾಕಿ, ಕನ್ನಡಕ ಏರಿಸಿಕೊಂಡು, ಕಪಾಟಿನಿಂದ ಆ ದೊಡ್ಡ ರಿಜಿಸ್ಟರನ್ನು ತೆಗೆದರು. ಬರೆದು, ನನಗೆ ಕಾಣುವ ಹಾಗೆ ತಿರುಗಿಸಿ ಹಿಡಿದರು. ನನ್ನ ಹೆಸರು, ನನ್ನ ಪ್ರಾಯ, ಆ ದಿನದ ತಾರೀಕು, ಎಡ ತೋಳು.

"ಸರಿ ಉಂಟಾ ನೋಡು."

ಸರಿಯಿತ್ತು. ಯಾರಿಗಾದರೂ ಸಂಶಯವಿದ್ದರೆ ಹೋಗಿ ನೋಡಬಹುದು.